ಹೊನ್ನೂರಮ್ಮನ ಗೋಡೆಯ ನಾಲ್ಕು ಇಂಚು

ಹೊಸದಾಗಿ ಸುಣ್ಣ ಬಳಿದ ಗೋಡೆ ಕಂಡರೆ ನನಗೆ ಇವತ್ತಿಗೂ ಅನುಮಾನ. ಹಬ್ಬವಿಲ್ಲ, ಮದುವೆಯಿಲ್ಲ, ಈ ಗೋಡೆಗೆ ಈಗ ಯಾಕೆ ಸುಣ್ಣ? ಒಂದೋ ಇದ್ದ ಕಿಟಕಿಯನ್ನು ಮುಚ್ಚಿದ್ದಾರೆ, ಇಲ್ಲವೇ ಇರಬಾರದ ಬಾಗಿಲನ್ನು ತೆರೆದಿದ್ದಾರೆ. ಕೆಲಸ ಬಿಟ್ಟು ಆರು ವರ್ಷವಾಯಿತು. ಬೆಳಿಗ್ಗೆ ವಾಕಿಂಗ್ ಹೋದರೂ ನನ್ನ ಕಣ್ಣು ಜನರ ಮುಖ ನೋಡುವುದಿಲ್ಲ, ಅವರ ಮನೆ ಮೆಟ್ಟಿಲು ಮೋರಿಯ ಮೇಲೆ ಎಷ್ಟು ಬಂದಿದೆ ಎಂದು ನೋಡುತ್ತದೆ.

ನಾನು ಮನೆ ಕಟ್ಟುವವರ ಪರವಾನಗಿ ನೋಡುವ ಓವರ್ಸಿಯರ್ ಆಗಿದ್ದವನು. ಮೊದಲು ಮಡಕಶಿರದಲ್ಲಿ, ಆಮೇಲೆ ರಾಯದುರ್ಗದಲ್ಲಿ. ಆಗ ಎರಡೂ ಒಂದೇ ಅನಂತಪುರ ಜಿಲ್ಲೆ. ಹುಟ್ಟಿದ್ದು ಮಡಕಶಿರ ಕಡೆಯ ರತ್ನಗಿರಿ ಹತ್ತಿರದ ಹಳ್ಳಿ. ರಜೆಗೆ ಊರಿಗೆ ಹೋದಾಗ ಬೆಟ್ಟದ ಕೋಟೆ ಗೋಡೆ ಕಂಡರೂ ಇದಕ್ಕೆ ಅನುಮತಿ ಕೊಟ್ಟವರು ಯಾರು ಎಂಬ ಪ್ರಶ್ನೆ ಏಳುತ್ತಿತ್ತು. ರಾಯದುರ್ಗದ ಜನ ನನ್ನನ್ನು ಬೆನ್ನ ಹಿಂದೆ ‘ಅನುಮಾನಂ ಸಾರು’ ಎನ್ನುತ್ತಿದ್ದರು. ಎದುರಿಗೇ ಅನ್ನುವವರೂ ಇದ್ದರು. ನನಗೆ ಅದರಿಂದ ಬೇಸರವಾಗಲಿಲ್ಲ, ನಿಜ ಹೇಳಬೇಕೆಂದರೆ ಒಳಗೊಳಗೇ ಹೆಮ್ಮೆಯಿತ್ತು.

ಇದನ್ನು ಬರೆಯಲು ಕಾರಣ ಸುಮಲತಾ. ನಮ್ಮ ವಾರ್ಡಿನ ಸಚಿವಾಲಯಕ್ಕೆ, ಅಂದರೆ ವಾರ್ಡಿಗೊಂದರಂತೆ ಇರುವ ಸರಕಾರಿ ಕಚೇರಿಗೆ, ಹೊಸದಾಗಿ ಬಂದಿರುವ ಪ್ಲಾನಿಂಗ್ ಸೆಕ್ರೆಟರಿ. ನಾನು ಮಾಡುತ್ತಿದ್ದ ಕೆಲಸದ ಮುಕ್ಕಾಲು ಭಾಗ ಈಗ ಆ ಹುಡುಗಿಯ ತಲೆಯ ಮೇಲಿದೆ. ಒಂದು ದಿನ ಹಳೆಯ ಫೈಲೊಂದನ್ನು ಎದೆಗವಚಿಕೊಂಡು ಮನೆಗೆ ಬಂದಳು. ಫೈಲು ಕಂಡ ಕೂಡಲೇ ನನ್ನ ಮೊದಲ ಮಾತು: “ಯಾರು ಕಳಿಸಿದರು ನಿನ್ನನ್ನ?”

“ಯಾರೂ ಇಲ್ರಿ ಸಾರ್, ನಾನಾ ಬಂದೀನಿ. ಕೋಟೆ ಕೆಳಗಿನ ಓಣಿ ಹೊನ್ನೂರಮ್ಮ ಅದಾರಲ್ರಿ, ಜೀನ್ಸ್ ಹೊಲೀತಾರಲ್ಲ, ಅವ್ರು ಮೇಲೊಂದು ರೂಮ್ ಕಟ್ಟಾಕ ಅರ್ಜಿ ಹಾಕ್ಯಾರ. ಪೋರ್ಟಲ್ ತಗೋವಲ್ದು. ಹಳೇ ನೋಟೀಸ್ ಕ್ಲೋಸ್ ಆಗಿಲ್ಲ ಅಂತ ತೋರಸ್ತೈತಿ. ನೋಟೀಸ್ ಕೊಟ್ಟವ್ರು ನೀವು.”

ಫೈಲು ತೆರೆದಳು. ನನ್ನದೇ ಅಕ್ಷರ. ‘ಬೀದಿಯ ನಡುವಿನಿಂದ ಹದಿನೈದು ಅಡಿ ಇರಬೇಕಾದಲ್ಲಿ ಹದಿನಾಲ್ಕು ಅಡಿ ಎಂಟು ಇಂಚು. ನಾಲ್ಕು ಇಂಚು ಕಡಿಮೆ. ಉಲ್ಲಂಘನೆ.’ ಕೆಳಗೆ ಸಹಿ. ಅವರು ಮುಂದಿನ ಗೋಡೆ ಕೆಡವಿ ಹಿಂದಕ್ಕೆ ಸರಿಸಿದ್ದು ನನಗೆ ನೆನಪಿತ್ತು. ಸರಿಸಿದ ಮೇಲೆ ‘ಸರಿಹೋಯಿತು’ ಎಂದು ಫೈಲಿನಲ್ಲಿ ಬರೆಯಬೇಕಿತ್ತು. ಬರೆದಿರಲಿಲ್ಲ.

“ಅದಕ್ಕೇನು, ಈಗ ಅಳೆದು ಬರಿ,” ಎಂದೆ.

“ಅಳದೆ ಸಾರ್, ಲೇಸರ್‌ನಾಗ. ಹದಿನೈದಡಿ ನಾಲ್ಕು ಇಂಚು ಬರ್ತೈತಿ. ಕಬ್ಬಿಣದ ಟೇಪಿನಾಗೂ ನೋಡಿದೆ, ಅಷ್ಟಾ ಬರ್ತೈತಿ. ನಾಲ್ಕು ಇಂಚು ಜಾಸ್ತಿ ಬಿಟ್ಟಾರ. ಜಾಗ ಇಲ್ಲದವ್ರು ಜಾಸ್ತಿ ಯಾಕ ಬಿಡ್ತಾರ್ರಿ? ಅದಾ ತಿಳೀವಲ್ದು.”

ನನಗೂ ತಿಳಿಯಲಿಲ್ಲ. ಆದರೆ ತಿಳಿಯದಿದ್ದಾಗ ನಾನು ಮಾಡುವುದು ಒಂದೇ, ಅನುಮಾನ ಪಡುವುದು. ಲೇಸರ್ ಮೇಲೆ ಅನುಮಾನ ಪಟ್ಟೆ. ಒಣಹಾಕಿದ ಬಟ್ಟೆ ಅಡ್ಡ ಬಂದರೆ ಆ ಕೆಂಪು ಚುಕ್ಕೆ ಬಟ್ಟೆಗೇ ಬಡಿದು ತಪ್ಪು ಅಂಕಿ ತೋರಿಸುತ್ತದೆ, ಇದನ್ನು ಹೊಸಬರು ತಿಳಿದಿರಬೇಕು. ಆಮೇಲೆ ಹೊನ್ನೂರಮ್ಮನ ಮೇಲೆ. ಬೀದಿಯ ನಡುವನ್ನೇ ಆಚೆ ತಳ್ಳಿರಬಹುದೇ? ಕೊನೆಗೆ ಈ ಹುಡುಗಿಯ ಮೇಲೂ. ಫೈಲು ಇಟ್ಟು ಹೋಗು, ನೋಡುತ್ತೇನೆ ಎಂದೆ. ಅವಳು ಫೈಲು ಇಡಲಿಲ್ಲ, ಮೊಬೈಲಿನಲ್ಲಿ ಫೋಟೊ ಕಳಿಸಿ ಹೋದಳು. ಜಾಣೆ.

ಅವಳಂಥವರಿಗೆ ಉಪಯೋಗವಾಗಲಿ ಎಂದು ಮೊದಲು ಕೆಲಸದ ವಿಷಯ ಸ್ವಲ್ಪ ಹೇಳುತ್ತೇನೆ. ಹೊನ್ನೂರಮ್ಮನ ಮನೆಯ ಮೇಲಿನ ರೂಮು ನಾನು ಬರೆದುಕೊಡಬೇಕಾದ ಒಂದು ಕಾಗದದ ಮೇಲೆ ನಿಂತಿತ್ತು, ಅದನ್ನು ಮರೆತಿಲ್ಲ. ಆದರೆ ನಾನು ಹೇಗೆ ಇಂಥವನಾದೆ ಎಂದು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ಮಡಕಶಿರದಲ್ಲಿ ನನ್ನ ಮೊದಲ ಮೇಲಧಿಕಾರಿ ಸುಬ್ಬಯ್ಯನವರು. ಕಡಪ ಕಡೆಯವರು, ಕನ್ನಡವನ್ನು ತೆಲುಗಿನಲ್ಲಿ ಅದ್ದಿ ಮಾತಾಡುತ್ತಿದ್ದರು. ಮೊದಲ ದಿನವೇ ಹೇಳಿದರು: “ಬಾಬೂ, ಕಾಫಿ ತಂದು ಇಸ್ತೇ ಕಪ್ಪಿನ ಕಡೆ ನೋಡಬೇಡ. ಮನೆಯವನು ಯಾವ ಗೋಡೆಗೆ ಬೆನ್ನು ಕೊಟ್ಟು ನಿಂತಿದಾನೆ ಅದು ನೋಡು. ತಪ್ಪು ಆ ಗೋಡೇಲಿ ಇರ್ತದೆ.” ಮೂವತ್ತು ವರ್ಷ ಈ ಮಾತು ಸುಳ್ಳಾಗಿದ್ದನ್ನು ನಾನು ಹೆಚ್ಚು ನೋಡಲಿಲ್ಲ.

ಅವರು ಕಲಿಸಿದ ಇನ್ನೊಂದು ಪಾಠ ಅರಿಶಿನದ ನಕ್ಷೆ. ನಮ್ಮ ಕಡೆ ಒಂದು ಮನೆಗೆ ಎರಡು ನಕ್ಷೆ. ಒಂದು ಕಚೇರಿಗೆ. ಇಂಜಿನಿಯರು ಬರೆದದ್ದು, ಮುದ್ರೆ ಒತ್ತಿದ್ದು, ಮಡಿಕೆ ಕೂಡ ಕೆಡದೆ ಬೀರುವಿನಲ್ಲಿರುತ್ತದೆ. ಇನ್ನೊಂದು ಸಿದ್ಧಾಂತಿ, ಅಂದರೆ ವಾಸ್ತು ನೋಡುವ ಜೋಯಿಸ, ಬರೆದುಕೊಟ್ಟದ್ದು. ಮನೆಯ ಆಯ ಕೂಡಿಬರಲಿ ಎಂದು ಅದರಲ್ಲಿ ಗೋಡೆಗಳು ಅತ್ತ ಅರ್ಧ ಅಡಿ, ಇತ್ತ ಮುಕ್ಕಾಲು ಅಡಿ ಸರಿದಿರುತ್ತವೆ. ನಾಲ್ಕು ಮೂಲೆಗೂ ಅರಿಶಿನ ಹಚ್ಚಿ ದೇವರ ಮುಂದೆ ಇಟ್ಟಿರುತ್ತಾರೆ. ಮೇಸ್ತ್ರಿ ಕಟ್ಟುವುದು ಎರಡನೆಯದರ ಪ್ರಕಾರ. ಸುಬ್ಬಯ್ಯನವರು ಹೋದ ಮನೆಯಲ್ಲೆಲ್ಲ ಮೊದಲು ದೇವರಿಗೆ ಕೈ ಮುಗಿಯುತ್ತಿದ್ದರು. ಜನ ಎಂಥ ಭಕ್ತರಪ್ಪ ಎಂದುಕೊಳ್ಳುತ್ತಿದ್ದರು. ಅವರು ಕೈ ಮುಗಿಯುತ್ತಲೇ ಅರಿಶಿನದ ನಕ್ಷೆಯನ್ನು ಓದಿ ಮುಗಿಸುತ್ತಿದ್ದರು.

ನಿಯಮಗಳ ಬಗ್ಗೆ ಎರಡು ಮಾತು. ನಿಯಮ ಮಾಡುವವರು ನಮ್ಮ ಓಣಿಗಳನ್ನು ನೋಡಿದವರಲ್ಲ ಎಂಬುದು ನನ್ನ ಗಟ್ಟಿ ಅನುಮಾನ. ಒಮ್ಮೆ ಹೊಸ ನಿಯಮದ ಕರಡು ಬಂತು, ಅಭಿಪ್ರಾಯ ಹೇಳಿ ಎಂದು ಅನಂತಪುರಕ್ಕೆ ಕರೆದರು. ಕರಡಿನಲ್ಲಿ ಮನೆಯ ಮುಂದೆ ಬಿಡಬೇಕಾದ ಜಾಗ ನಮ್ಮ ಕೆಲವು ಬೀದಿಗಳಿಗಿಂತ ಅಗಲ. ನಾನು ಎದ್ದು ನಿಂತು, “ಇದರ ಪ್ರಕಾರ ಹೋದರೆ ನಮ್ಮ ಹಳೇಪೇಟೆಯವರು ಅಡಿಗೆಮನೆಯನ್ನು ಹಿಂದಿನ ಬೀದಿಯವರ ಅಂಗಳದಲ್ಲಿ ಕಟ್ಟಿಕೊಳ್ಳಬೇಕಾಗುತ್ತದೆ,” ಎಂದೆ. ನಕ್ಕರು. ಬರೆದುಕೊಂಡರು. ಕರಡು ಹೇಗೆ ಬಂದಿತ್ತೋ ಹಾಗೆಯೇ ಆದೇಶವಾಗಿ ಬಂತು, ಒಂದು ಅಕ್ಷರ ಅತ್ತಿತ್ತ ಆಗಿರಲಿಲ್ಲ. ಬರೆದುಕೊಂಡ ಕಾಗದ ಎಲ್ಲಿ ಹೋಯಿತೋ. ಅಂಥ ನಿಯಮವನ್ನು ಹಿಡಿದು ಬೀದಿಗಿಳಿಯುವವನ ಕೈಯಲ್ಲಿ ಉಳಿಯುವುದು ಅಳತೆ ಒಂದೇ. ಅದಕ್ಕೇ ನಾನು ಅಳತೆಯನ್ನು ದೇವರಂತೆ ಹಿಡಿದುಕೊಂಡೆ. ಒಂದು ಇಂಚೂ ಬಿಡುತ್ತಿರಲಿಲ್ಲ.

ಮಾಳಿಗೆಯ ಮೇಲೆ ಕಂಬದ ಕಂಬಿಗಳು ಎದ್ದು ನಿಂತಿದ್ದರೆ ಎಣಿಸಿ. ತುಕ್ಕು ಹಿಡಿಯದಿರಲೆಂದು ತುದಿಗೆ ಪ್ಲಾಸ್ಟಿಕ್ ಬಾಟಲಿ ಬೋರಲು ಹಾಕಿದ್ದರೆ ಇನ್ನೂ ಚೆನ್ನಾಗಿ ಎಣಿಸಿ. ಮಡಕಶಿರದಲ್ಲಿ ಒಬ್ಬ ಸಾಹುಕಾರರಿಗೆ ಒಂದೇ ಅಂತಸ್ತಿಗೆ ಅನುಮತಿ. ಮೇಲೆ ಹನ್ನೆರಡು ಕಂಬದ ಕಂಬಿ ನಿಂತಿವೆ. ಏನಿದು ಎಂದರೆ, “ಬಟ್ಟೆ ಒಣಗಾಕಕ್ಕೆ ಸಾರ್, ಅಗ್ಗ ಕಟ್ಟಾಕೆ,” ಎಂದರು. “ಮನೇಲಿ ಎಷ್ಟು ಜನ?” ಎಂದೆ. “ನಾನು, ನಮ್ಮೆಂಗಸ್ರು.” ಇಬ್ಬರ ಬಟ್ಟೆಗೆ ಹನ್ನೆರಡು ಕಂಬ! ವರ್ಷದೊಳಗೆ ಮೇಲೆ ಎರಡು ಅಂತಸ್ತು ಎದ್ದವು. ಸರಕಾರದ ಸಕ್ರಮ ಯೋಜನೆ ಬಂದಾಗ ಅವರೇ ಮೊದಲು ಅರ್ಜಿ ಹಾಕಿ ಸಾಚಾ ಆದರು. ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಅನುಮಾನ ಕೈಕೊಟ್ಟದ್ದೂ ಉಂಟು. ರೊಳ್ಳ ರಸ್ತೆಯ ಕೊನೆಗೆ ಒಂದು ಉದ್ದನೆಯ ಕೋಣೆ. ನಕ್ಷೆಯಲ್ಲಿ ದನದ ಕೊಟ್ಟಿಗೆ ಎಂದಿತ್ತು. ಕಿಟಕಿಗೆಲ್ಲ ಬಟ್ಟೆ ಕಟ್ಟಿದ್ದಾರೆ, ಬಾಗಿಲು ಮುಚ್ಚಿದೆ, ಬಾಗಿಲ ಮುಂದೆ ಬಿಳಿ ಪುಡಿ ಚೆಲ್ಲಿದೆ, ಸಗಣಿಯ ವಾಸನೆಯೇ ಇಲ್ಲ. ಗೋದಾಮು ಮಾಡಿ ಬಾಡಿಗೆಗೆ ಕೊಟ್ಟಿದ್ದಾರೆ ಎಂದು ತೀರ್ಮಾನಿಸಿ ಬಾಗಿಲು ತಳ್ಳಿ ಬೂಟುಗಾಲಿನಲ್ಲೇ ನುಗ್ಗಿದೆ. ಒಳಗೆ ತಟ್ಟೆ ತಟ್ಟೆಯಾಗಿ ರೇಷ್ಮೆಹುಳು. ಒಬ್ಬ ಅಜ್ಜಿ ಚೀರಿಕೊಂಡಳು.

“ಅಯ್ಯೋ ನಿನ್ ಮನೆ ಕಾಯೋಗ! ಕಾಲ್ ತೊಳೀದಂಗೆ ಒಳೀಕ್ ಬಂದ್ಬುಟ್ಟ ಕಣ್ರಪ್ಪೋ! ಉಳ ನಾಕ್ನೇ ಜ್ವರ ಎದ್ದವೆ ಕಣಯ್ಯಾ, ಈಗೇನಾರ ರೋಗ ತಗುಲಿದ್ರೆ ನೀನ್ ಕಟ್ಟಿಕೊಡ್ತೀಯ ಗೂಡು?”

ನಾಲ್ಕನೆಯ ಜ್ವರ ಎಂದರೆ ಗೂಡು ಕಟ್ಟುವ ಮುಂಚೆ ಹುಳು ಕೊನೆಯ ಸಲ ಪೊರೆ ಬಿಡುವುದು. ಹುಳುವಿಗೆ ಹೊರಗಿನ ರೋಗ ತಗುಲದಿರಲೆಂದೇ ಆ ಸುಣ್ಣದ ಪುಡಿ, ಆ ಬಟ್ಟೆ, ಆ ಮುಚ್ಚಿದ ಬಾಗಿಲು. ಆ ಬೆಳೆ ಅವರಿಗೆ ಕೈಗೆ ಹತ್ತಲಿಲ್ಲ ಎಂದು ಆಮೇಲೆ ತಿಳಿಯಿತು. ನನ್ನ ಬೂಟಿನಿಂದಲೇ ಎಂದು ಯಾರು ಹೇಳಬಲ್ಲರು, ಸೊಪ್ಪಿನಲ್ಲೇ ಏನಾದರೂ ಇದ್ದಿರಬಹುದು ಎಂದು ಸುಬ್ಬಯ್ಯನವರ ಮುಂದೆ ವಾದಿಸಿದೆ. ಅವರು ನನ್ನನ್ನೇ ನೋಡಿ, “ನೀನು ಈಗ ಯಾವ ಗೋಡೆಗೆ ಬೆನ್ನು ಕೊಟ್ಟು ನಿಂತಿದೀಯ ಬಾಬೂ?” ಎಂದರು. ಆಗ ನನಗೆ ಸಿಟ್ಟು ಬಂದಿತ್ತು.

ರಾಯದುರ್ಗಕ್ಕೆ ವರ್ಗವಾದಾಗ ನನಗೆ ಸಿಕ್ಕ ಚೈನ್‌ಮನ್ ಓಬಳೇಶ. ಚೈನ್‌ಮನ್ ಎಂದರೆ ಟೇಪಿನ ಸೊನ್ನೆಯ ತುದಿ ಹಿಡಿಯುವವನು. ಇನ್ನೊಂದು ತುದಿಯಲ್ಲಿ ಅಂಕಿ ಓದುವವನು ಓವರ್ಸಿಯರ್. ನಡುವೆ ಅಷ್ಟುದ್ದ ಟೇಪು, ಅಷ್ಟುದ್ದ ನಂಬಿಕೆ. ಓಬಳೇಶ ಗುಮ್ಮಘಟ್ಟ ಕಡೆಯವನು, ಕುರಿ ಕಾಯುವ ಮನೆತನ, ಹೆಚ್ಚು ಮಾತಿಲ್ಲ. ಊರಿನವರೆಲ್ಲ ಅವನಿಗೆ ನಮಸ್ಕಾರ ಹೇಳುತ್ತಿದ್ದರು, ನನಗೆ ಹೇಳುತ್ತಿರಲಿಲ್ಲ. ನನಗೆ ಅಷ್ಟು ಸಾಕಾಯಿತು. ಎಲ್ಲರಿಗೂ ಬೇಕಾದವನು ಯಾಕೆ ಬೇಕಾಗಿದ್ದಾನೆ ಎಂದು ಹುಡುಕತೊಡಗಿದೆ.

ಸಿಕ್ಕಿತು. ಅವನು ಟೇಪಿನ ತುದಿಯ ಉಂಗುರ ಹಿಡಿಯುತ್ತಿರಲಿಲ್ಲ. ಉಂಗುರದಿಂದ ನಾಲ್ಕು ಬೆರಳು ಈಚೆಗೆ ಹೆಬ್ಬೆಟ್ಟು ಒತ್ತಿ, ಆ ಹೆಬ್ಬೆಟ್ಟನ್ನು ಗುರುತಿನ ಮೇಲೆ ಇಡುತ್ತಿದ್ದ. ಉಂಗುರ ಹಿಂದೆ ಜೋತಾಡುತ್ತಿತ್ತು. ಸೊನ್ನೆ ಇರುವುದು ಉಂಗುರದ ತುದಿಯಲ್ಲಿ. ಅಲ್ಲಿ ಹಿಡಿಯದೆ ಈಚೆ ಹಿಡಿದರೆ ನನಗೆ ಅಂಕಿ ನಾಲ್ಕು ಇಂಚು ಹೆಚ್ಚು ಬರುತ್ತದೆ, ಬಿಡಬೇಕಾದ ಜಾಗ ಬಿಟ್ಟಂತೆ ಕಾಣುತ್ತದೆ, ಮನೆಯವನಿಗೆ ಲಾಭ. ಓಹೋ, ಅದಕ್ಕೇ ಈ ನಮಸ್ಕಾರ! ಇಷ್ಟು ಸುಲಭದ ಮೋಸವನ್ನು ಕಂಡುಹಿಡಿದೆನಲ್ಲ ಎಂದು ಅವತ್ತು ನನಗಾದ ಸಂತೋಷವನ್ನು ಮುಚ್ಚಿಡುವುದಿಲ್ಲ.

ಬಾಯಿ ಬಿಡದೆ ಕಾದೆ. ಆ ವಾರವೇ ಹೊನ್ನೂರಮ್ಮನ ಮನೆಯ ಅಳತೆ ಬಂತು.

ಕೋಟೆ ಕೆಳಗಿನ ಓಣಿಯಲ್ಲಿ ಆ ಹೆಣ್ಣುಮಗಳು ಗಂಡನ ಜೊತೆ ಎರಡು ಕೋಣೆಯ ಮನೆ ಕಟ್ಟಿಸಿದ್ದಳು. ಮುಂದಿನ ಕೋಣೆ ಹೊಲಿಗೆಗೆ. ಊರಿನ ಅಂಗಡಿಗಳವರು ಕತ್ತರಿಸಿ ಕೊಟ್ಟ ಜೀನ್ಸ್ ಪ್ಯಾಂಟಿನ ತುಂಡುಗಳನ್ನು ಮನೆಯಲ್ಲೇ ಹೊಲಿದು ಕೊಡುವ ಕೆಲಸ. ಒಂದು ಮಿಷನ್ ಅವಳದು, ಇನ್ನೊಂದು ನಾದಿನಿಯದು, ಎರಡೂ ಎದುರುಬದುರು ಕೂರಬೇಕು, ನಡುವೆ ಬಾಗಿಲು ತೆರೆಯಬೇಕು. ಅಷ್ಟನ್ನು ಲೆಕ್ಕ ಹಾಕಿಯೇ ಮೇಸ್ತ್ರಿ ಈರಣ್ಣ ಕೋಣೆಯನ್ನು ಕೂರಿಸಿದ್ದ. ಅವನದು ಹಳೆಯ ಪದ್ಧತಿ. ಪ್ರತಿ ಮನೆಗೆ ಒಂದು ಹೊಸ ಅಳತೆಕೋಲು, ಮೂರಡಿಯದು, ಆ ಮನೆಯ ಗೋಡೆ, ಬಾಗಿಲು, ಕಿಟಕಿಗೆಲ್ಲ ಅದರಲ್ಲೇ ಕಚ್ಚು. ಗೃಹಪ್ರವೇಶದ ದಿನ ಕೋಲನ್ನು ಆ ಮನೆಯ ಅಟ್ಟದ ಮೇಲೆ ಇಟ್ಟುಬಿಡುತ್ತಿದ್ದ, ಇನ್ನೊಂದು ಮನೆಗೆ ಒಯ್ಯುತ್ತಿರಲಿಲ್ಲ. ಮುಂದೆ ಜಗಳ ಬಂದರೆ ಮನೆಯ ಅಳತೆಗೆ ಮನೆಯೇ ಸಾಕ್ಷಿ ಹೇಳಲಿ ಎಂದು.

ಅವತ್ತು ನಾನು ಹೋದಾಗ ಓಬಳೇಶ ಈರಣ್ಣನ ಜೊತೆ ಬೀಡಿ ಸೇದುತ್ತ ನಿಂತಿದ್ದ. ನನಗೆ ಇನ್ನೇನು ಬೇಕು?

“ನೀನು ಈಚೆ ಬಾ,” ಎಂದೆ. “ಇವತ್ತು ತುದಿ ನೀನು ಹಿಡಿಯಬೇಡ.”

ಬೀದಿಯ ನಡುವೆ ನಾನೇ ಒಂದು ಮೊಳೆ ಹೊಡೆದೆ. ಉಂಗುರವನ್ನು ಮೊಳೆಗೆ ಸಿಕ್ಕಿಸಿದೆ. ಓಬಳೇಶ ಗಾಬರಿಯಾಗಿ ಹತ್ತಿರ ಬಂದ.

“ಸಾರ್, ಉಂಗುರಾ...”

“ಬಾಯಿ ಮುಚ್ಚು. ನಿನ್ನ ಹೆಬ್ಬೆಟ್ಟಿನ ಆಟ ನನಗೆ ಗೊತ್ತಾಗಿದೆ.”

ಅವನು ಹಿಂದೆ ಸರಿದ. ನಾನು ಟೇಪು ಎಳೆದೆ. ಹದಿನಾಲ್ಕು ಅಡಿ ಎಂಟು ಇಂಚು. ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಓದಿದೆ.

ಈರಣ್ಣ ಒಳಗೆ ಹೋಗಿ ಅಟ್ಟದಿಂದ ಕೋಲು ತಂದ. “ಐದು ಕೋಲು ಸರಿಯಾಗಿ ಬಿಟ್ಟೀನ್ರಿ ಸಾರ್, ನೋಡ್ರಿ, ನಿಮ್ಮ ಕಣ್ಣ ಮುಂದಾ ಇಡ್ತೀನಿ.” ಸರಕಾರದ ಟೇಪಿನ ಮುಂದೆ ನಿನ್ನ ಕಟ್ಟಿಗೆ ತರಬೇಡ ಎಂದು ಗದರಿಸಿದೆ. ಕೋಲನ್ನು ನೆಲಕ್ಕೆ ಇಡಲೂ ಬಿಡಲಿಲ್ಲ. ಹೊನ್ನೂರಮ್ಮ ಮಾತ್ರ ಒಂದೇ ಮಾತು ಕೇಳಿದಳು.

“ನಾಲ್ಕು ಇಂಚಿನಾಗ ಬೀದಿಗೆ ಏನ್ ಬರ್ತೈತ್ರಿ? ನನಗ ಒಂದು ಮಿಷನ್ ಹೋಕ್ಕೈತಿ.”

“ನಿಯಮ ಅಂದರೆ ನಿಯಮ,” ಎಂದೆ. ಹಾಗೆ ಹೇಳುವಾಗ ನಾನು ಬಲು ನ್ಯಾಯವಂತ ಅನ್ನಿಸಿತ್ತು. ಹನ್ನೆರಡು ಕಂಬದ ಸಾಹುಕಾರನ ಮೇಲಿನ ಸಿಟ್ಟನ್ನು ಎರಡು ಕೋಣೆಯವಳ ಮೇಲೆ ತೀರಿಸಿಕೊಳ್ಳುತ್ತಿದ್ದೇನೆ ಎಂದು ಹೊಳೆಯಲಿಲ್ಲ.

ಗೋಡೆ ಕೆಡವಿದರು. ನಾಲ್ಕು ಇಂಚು ಹಿಂದಕ್ಕೆ ಕಟ್ಟಿದರು. ಎರಡನೆಯ ಮಿಷನ್ ಇಟ್ಟರೆ ಬಾಗಿಲು ತೆರೆಯುವುದಿಲ್ಲ. ನಾದಿನಿ ಬೇರೊಬ್ಬರ ಶೆಡ್ಡಿಗೆ ಹೊಲಿಯಲು ಹೋದಳು. ಕೆಲವು ತಿಂಗಳ ಮೇಲೆ ಹೊನ್ನೂರಮ್ಮ ಆ ಮಿಷನ್ನನ್ನು ಮೆಟ್ಟಿಲ ಮೇಲೆ ಇಟ್ಟು ಹೊಲಿಯುತ್ತಿದ್ದಾಗ ನಾನೇ ಹೋಗಿ, ಇದು ಬೀದಿ ಒತ್ತುವರಿ ಎಂದು ಒಳಗೆ ಇಡಿಸಿದೆ. ಹೌದು, ಅದನ್ನೂ ಮಾಡಿದ್ದೇನೆ.

ಓಬಳೇಶನ ಮೇಲೆ ವರದಿ ಬರೆದೆ: ‘ಅಳತೆಯ ಸಮಯದಲ್ಲಿ ಹೆಬ್ಬೆಟ್ಟನ್ನು ಸೊನ್ನೆಯಿಂದ ಸರಿಸಿ ಕಟ್ಟಡದವರಿಗೆ ಅನುಕೂಲ ಮಾಡುತ್ತಾನೆ.’ ಅವನನ್ನು ನೀರಿನ ಪಂಪಿಗೆ ಹಾಕಿದರು. ಮತ್ತೆ ಯಾರೂ ಅವನ ಕೈಗೆ ಟೇಪು ಕೊಡಲಿಲ್ಲ. ಊರಿನಲ್ಲಿ ‘ಹೆಬ್ಬೆಟ್ಟಿನ ಓಬಳೇಶ’ ಎಂದು ಹೆಸರು ಬಿತ್ತು. ಅಲ್ಲಿಂದ ಮುಂದೆ ಹೊಸ ಟೇಪು ಬರುವವರೆಗೆ ಎಲ್ಲ ಕಡೆ ನಾನೇ ಮೊಳೆ ಹೊಡೆದು, ಉಂಗುರ ಸಿಕ್ಕಿಸಿ ಅಳೆದೆ.

ನಾನು ನಿವೃತ್ತನಾದ ದಿನ ಕಚೇರಿಯವರು ಶಾಲಿನ ಜೊತೆ ಆ ಹಳೆಯ ಟೇಪನ್ನೂ ಹಾರ ಹಾಕಿ ಕೊಟ್ಟರು. ನಗೆಯಾಡುತ್ತ ಕೊಟ್ಟದ್ದು. ನಾನು ಅದನ್ನು ನಡುಮನೆಯಲ್ಲಿ ಮೊಳೆಗೆ ತೂಗುಹಾಕಿದ್ದೆ.

ಸುಮಲತಾ ಬಂದು ಹೋದ ಮಧ್ಯಾಹ್ನ ಊಟಕ್ಕೆ ಕೂತಾಗ ಕಣ್ಣು ಅದರ ಮೇಲೆ ಬಿತ್ತು. ನಾಲ್ಕು ಇಂಚು ಕಡಿಮೆ ಎಂದು ನಾನು ಬರೆದದ್ದು. ನಾಲ್ಕು ಇಂಚು ಹೆಚ್ಚು ಎಂದು ಅವಳು ಅಳೆದದ್ದು. ಲೇಸರ್ ಸುಳ್ಳು, ಹುಡುಗಿ ಸುಳ್ಳು, ಹೊನ್ನೂರಮ್ಮ ಸುಳ್ಳು ಎಂದು ಒಬ್ಬೊಬ್ಬರನ್ನೇ ಅನುಮಾನಿಸಿ ಮುಗಿಸಿದ್ದೆ. ಉಳಿದದ್ದು ಇದೊಂದೇ. ಕೈ ತೊಳೆದು ಟೇಪು ಇಳಿಸಿದೆ, ಮೊಮ್ಮಗಳ ಸ್ಕೂಲಿನ ಅಡಿಪಟ್ಟಿ ಪಕ್ಕದಲ್ಲಿಟ್ಟೆ.

ಬಟ್ಟೆ ಟೇಪಿನ ತುದಿ ಸವೆಯದಿರಲೆಂದು ಹೊಸ ಟೇಪಿಗೂ ತುದಿಯಲ್ಲಿ ಚರ್ಮದ ಪಟ್ಟಿ ಇರುತ್ತದೆ. ಮೊದಲ ಕೆಲವು ಇಂಚಿನ ಅಂಕಿಗಳು ಅದರಡಿ ಮುಚ್ಚಿರುತ್ತವೆ, ಸೊನ್ನೆ ಮಾತ್ರ ಉಂಗುರದಿಂದಲೇ ಶುರು. ಇದರ ಚರ್ಮ ಅಂಥದ್ದಲ್ಲ. ಮೋಚಿಯ ದಪ್ಪ ಹೊಲಿಗೆ. ಟೇಪಿನ ತುದಿ ಯಾವಾಗಲೋ ಕಿತ್ತುಹೋಗಿ, ಬೇರೆ ಚರ್ಮದ ತುಂಡೊಂದನ್ನು ಮುಂದಕ್ಕೆ ಹೊಲಿದು ಅದಕ್ಕೆ ಉಂಗುರ ಕಟ್ಟಿದ್ದರು. ಚರ್ಮ ಮುಗಿಯುವ ಕಡೆ, ಹೊಲಿಗೆಯ ಕೆಳಗೆ, ಮಾಸಿದ ಸೊನ್ನೆ ಕಂಡಿತು. ಉಂಗುರದಿಂದ ಸರಿಯಾಗಿ ನಾಲ್ಕು ಇಂಚು ಈಚೆ. ಆ ಸೊನ್ನೆಯ ಮೇಲೆ ಒಂದು ಕಡೆ ಬಟ್ಟೆ ಮಿರಮಿರ ಮಿಂಚುವಷ್ಟು ಸವೆದಿತ್ತು. ಓಬಳೇಶನ ಹೆಬ್ಬೆಟ್ಟು ಅಲ್ಲಿ ಇರುತ್ತಿತ್ತು.

ಮೋಸವನ್ನು ಹಿಡಿದೆ ಎಂದುಕೊಂಡ ದಿನದಿಂದಲೇ ನನ್ನ ಅಳತೆ ಕೆಟ್ಟಿತ್ತು. ಅಷ್ಟರವರೆಗೆ ಸರಿಯಾಗಿತ್ತು, ಅವನಿಂದಾಗಿ. ಗೋಡೆ ಕೆಡವಿಸಿದ್ದು ಹೊನ್ನೂರಮ್ಮನ ಮನೆ ಒಂದೇ, ಆದರೆ ಅಡಿಪಾಯದ ಹಂತದಲ್ಲೇ ಇನ್ನೂ ಹಿಂದಕ್ಕೆ ಸರಿಯಿರಿ ಎಂದು ನನ್ನಿಂದ ಹೇಳಿಸಿಕೊಂಡವರು ಎಷ್ಟು ಮಂದಿಯೋ. ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ನನ್ನ ಹೆಂಡತಿ, “ಯಾಕ್ರೀ, ಏನಾಯ್ತು?” ಎಂದು ಬಂದಳು. ಹೇಳಿದೆ. ಅವಳು ಕೇಳಿ, “ಮೂವತ್ತು ವರ್ಷ ನಾನು ಹಾಕೋ ಉಪ್ಪನ್ನೂ ಅನುಮಾನಿಸಿದ್ರಿ. ಇದೊಂದನ್ನ ಬಿಟ್ರಿ ನೋಡಿ,” ಎಂದಳು. ಚುಚ್ಚಲು ಹೇಳಿದ್ದಲ್ಲ, ಆದರೂ ಚುಚ್ಚಿತು.

ಮಾರನೆಯ ದಿನ ಶೇರ್ ಆಟೋ ಹತ್ತಿ ಗುಮ್ಮಘಟ್ಟದ ಕಡೆ ಹೋದೆ. ಓಬಳೇಶನೂ ನಿವೃತ್ತನಾಗಿ ಊರು ಸೇರಿದ್ದ. ಕುರಿಹಟ್ಟಿಯ ಬೇಲಿಗೆ ಮುಳ್ಳು ಹೊದಿಸುತ್ತಿದ್ದ. ನನ್ನನ್ನು ಕಂಡು ಅವನ ಮುಖದಲ್ಲಿ ಬಂದದ್ದು ನಮಸ್ಕಾರವಲ್ಲ, ಅನುಮಾನ. ನನ್ನ ಕಸುಬಿನ ಮುಖ ಅದು, ಕೂಡಲೇ ಗುರುತು ಹಿಡಿದೆ.

ಚೀಲದಿಂದ ಟೇಪು ತೆಗೆದು ಅವನ ಮುಂದೆ ಇಟ್ಟೆ. ಏನೂ ಹೇಳುವ ಮೊದಲೇ ಅವನು ಹೇಳಿದ.

“ಗೊತ್ತಾತೇನ್ರಿ?”

“ಗೊತ್ತಾಯಿತು.”

“ಎತ್ತಿನ ಬಂಡಿ ಗಾಲಿಗೆ ಸಿಕ್ಕು ತುದಿ ಹರದಿತ್ರಿ, ನೀವು ಬರಾಕ ಮುಂಚೆ. ಹೊಸಾದು ತರಸ್ರಿ ಅಂತ ಕೇಳಿದೆ, ಬರ್ಲಿಲ್ಲ. ನಾನಾ ಮೋಚಿ ಕಡೆ ಹೊಲಿಸಿದೆ. ಸೊನ್ನಿ ಮ್ಯಾಲ ಬಟ್ಟು ಇಟ್ಟು ಹಿಡಿಬೇಕು, ಅಷ್ಟಾ. ಆವತ್ತು ಹೇಳಾಕ ಬಂದೆ. ಬಾಯಿ ಮುಚ್ಚು ಅಂದ್ರಿ.”

“ಆಮೇಲಾದರೂ ಹೇಳಬಹುದಿತ್ತಲ್ಲ ಓಬಳೇಶ. ವರದಿ ಬಂದ ಮೇಲಾದರೂ.”

ಅವನು ಮುಳ್ಳಿನ ಕಟ್ಟನ್ನು ಕೆಳಗಿಟ್ಟ. “ಯಾರಿಗೆ ಹೇಳಲಿ ಸಾರ್? ಟೇಪಿನ ತುದಿಗೆ ನಾಲ್ಕು ಇಂಚು ಚರ್ಮ ಹೊಲಿಸಿದವ ನಾನು. ಹೇಳಿದ್ರ ಸರಕಾರದ ಟೇಪು ಕೆಡಿಸಿದ ಅಂತ ಅದನ್ನೂ ನನ್ನ ತಲಿಗೆ ಕಟ್ಟತಿದ್ರಿ. ನೀವು ಕಟ್ಟತಿದ್ರಿ.”

ಕಟ್ಟುತ್ತಿದ್ದೆ. ಅದರಲ್ಲಿ ಅನುಮಾನವೇ ಇಲ್ಲ. ತಪ್ಪಾಯಿತು ಎಂದೆ. ಮೇಲಿನವರ ಮುಂದಲ್ಲದೆ ಬೇರೆ ಯಾರ ಮುಂದೆಯೂ ನಾನು ಆ ಪದ ಹೇಳಿದವನಲ್ಲ. ಅವನು ಮತ್ತೆ ಮುಳ್ಳಿನ ಕಟ್ಟಿಗೆ ಕೈ ಹಾಕಿದ. ರಾಯದುರ್ಗಕ್ಕೆ ಬಾ, ಹೊನ್ನೂರಮ್ಮನ ಗೋಡೆ ಮತ್ತೆ ಅಳೆಯೋಣ ಎಂದಾಗ ಮಾತ್ರ ಅಂಗಿ ಹಾಕಿಕೊಂಡು ಹೊರಟ.

ಸುಮಲತಾಳನ್ನು ಕರೆದುಕೊಂಡು ಮೂವರೂ ಕೋಟೆ ಕೆಳಗಿನ ಓಣಿಗೆ ಹೋದೆವು. ಹೊನ್ನೂರಮ್ಮನ ಕೂದಲು ನೆರೆತಿದೆ, ಮಿಷನ್ ಅದೇ. ನಾನು ಬಂದದ್ದನ್ನು ಕಂಡು ಮೆಟ್ಟಿಲ ಮೇಲಿನ ಬಟ್ಟೆಯ ಕಟ್ಟನ್ನು ತಟಕ್ಕನೆ ಒಳಗೆ ಎಳೆದುಕೊಂಡಳು. ಇಷ್ಟು ವರ್ಷದ ಮೇಲೂ.

ಬೀದಿಯ ನಡುವೆ ಓಬಳೇಶ ಕುಕ್ಕರುಗಾಲಿನಲ್ಲಿ ಕೂತ. ಹೆಬ್ಬೆಟ್ಟು ತಾನಾಗಿ ಸೊನ್ನೆಯ ಮೇಲೆ ಹೋಯಿತು. ನಾನು ಗೋಡೆಯ ಕಡೆ ನಡೆದೆ. ಹೊನ್ನೂರಮ್ಮ ಮೊದಲು ಅವನ ಹತ್ತಿರ ಬಗ್ಗಿ ಹೆಬ್ಬೆಟ್ಟು ನೋಡಿದಳು, ಆಮೇಲೆ ನನ್ನ ಹತ್ತಿರ ಬಂದು ಅಂಕಿ ನೋಡಿದಳು. ಹದಿನೈದು ಅಡಿ ನಾಲ್ಕು ಇಂಚು. ಸುಮಲತಾಳ ಲೇಸರ್ ಕೂಡ ಅದನ್ನೇ ಹೇಳಿತು. ಅಷ್ಟಕ್ಕೂ ಸಮಾಧಾನವಾಗದೆ ಹೊನ್ನೂರಮ್ಮ ಅಟ್ಟದಿಂದ ಈರಣ್ಣನ ಕೋಲು ಇಳಿಸಿಕೊಂಡು ಬಂದಳು. ಈರಣ್ಣ ತೀರಿಕೊಂಡು ಎಷ್ಟೋ ಕಾಲವಾಗಿದೆ. ಕೋಲನ್ನು ನೆಲಕ್ಕೆ ಇಟ್ಟು, ಗುರುತು ಮಾಡಿ, ಮತ್ತೆ ಇಟ್ಟು, ಐದು ಸಲ ಇಟ್ಟಳು. ಐದನೆಯ ಕೋಲು ಗೋಡೆಗೆ ಮುಟ್ಟಲಿಲ್ಲ. ಉಳಿದ ಸಂದಿನಲ್ಲಿ ತನ್ನ ನಾಲ್ಕು ಬೆರಳು ಜೋಡಿಸಿ ಇಟ್ಟು ನನ್ನ ಮುಖ ನೋಡಿದಳು. ಆ ಕೋಲನ್ನು ಅವತ್ತು ನೆಲಕ್ಕೆ ಇಡಲು ನಾನು ಬಿಟ್ಟಿರಲಿಲ್ಲ.

ಅವಳ ಹೊಲಿಗೆ ಮಿಷನ್ನಿನ ಹಲಗೆಯ ಮೇಲೇ ಕಾಗದ ಇಟ್ಟು, ಕಚೇರಿಯ ರೂಢಿಯಂತೆ ತೆಲುಗಿನಲ್ಲಿ ಬರೆದುಕೊಟ್ಟೆ. ಕೆಲಸದಲ್ಲಿದ್ದಾಗ ಸಾವಿರಾರು ಸಲ ಇತರರ ತಪ್ಪು ಬರೆದ ಕೈ ಇದು, ಎರಡು ಪುಟಕ್ಕೆ ಮೂರು ಸಲ ನಿಂತಿತು. ಗೋಡೆ ಮೊದಲು ಇದ್ದದ್ದೇ ಸರಿ ಎಂದು ಬರೆದೆ. ಉಲ್ಲಂಘನೆ ನಡೆದಿಲ್ಲ ಎಂದು ಬರೆದೆ. ತಪ್ಪು ಟೇಪಿನದಲ್ಲ, ಉಂಗುರವನ್ನು ಮೊಳೆಗೆ ಸಿಕ್ಕಿಸಿದ ನನ್ನದು ಎಂದು ಬರೆದೆ. ಆಮೇಲೆ ಇನ್ನೊಂದು ಸಾಲು ಬರೆದು ಸಹಿ ಹಾಕಿದೆ.

“ಇದನ್ನ ಅಟ್ಯಾಚ್ ಮಾಡಿ ಮೇಲಕ ಕಳಸ್ತೀನ್ರಿ,” ಎಂದಳು ಸುಮಲತಾ. “ನೋಟೀಸ್ ಕ್ಲೋಸ್ ಆಗ್ತೈತಿ.” ಮೇಲಿನವರು ಒಪ್ಪುತ್ತಾರೆಂದು ನನಗೇನೂ ಪೂರ್ತಿ ನಂಬಿಕೆಯಿಲ್ಲ. ಒಪ್ಪದಿದ್ದರೆ ನಾನೇ ಹೋಗಿ ಅವರ ಮೇಜಿನ ಮುಂದೆ ನಿಲ್ಲುತ್ತೇನೆ.

ಹೊನ್ನೂರಮ್ಮ ಕಾಗದವನ್ನು ಸುಮಲತಾಳ ಕೈಗೆ ಹೋಗಗೊಡಲಿಲ್ಲ. ಟ್ರಂಕಿನಿಂದ ನನ್ನ ಹಳೆಯ ನೋಟೀಸು ತಂದು, ಎರಡನ್ನೂ ಅಕ್ಕಪಕ್ಕ ಹಾಸಿ, ಸಹಿಯ ಮೇಲೆ ಬೆರಳಿಟ್ಟಳು.

“ಎರಡೂ ಒಂದಾ ಕೈಯಿಂದು ಹೌದೇನು ನೋಡವ್ವ.”

“ಹೌದ್ರಿ, ಒಂದಾ ಐತಿ,” ಎಂದಳು ಸುಮಲತಾ.

“ಹಂಗಾದ್ರ ನನಗೊಂದು ಜೆರಾಕ್ಸ್ ಇರ್ಲಿ. ನಾಳೆ ಈ ಸಾರು ಹಿಂಗ ಬರದಾ ಇಲ್ಲ ಅಂದ್ರ ಏನ್ ಮಾಡ್ಲಿ?”

ನಾನೇ ಕಾಗದ ಹಿಡಿದು ಬಸ್‌ಸ್ಟ್ಯಾಂಡಿನ ಹತ್ತಿರದ ಜೆರಾಕ್ಸ್ ಅಂಗಡಿಗೆ ಹೊರಟೆ. ಎಲ್ಲಾದರೂ ಬದಲಿಸಿಬಿಟ್ಟೇನೆಂದು ಹೊನ್ನೂರಮ್ಮ ಜೊತೆಗೇ ಬಂದಳು. ಎರಡು ಪ್ರತಿ ತೆಗೆಸಿದೆ. ಒಂದನ್ನು ಅವಳು ಸೆರಗಿನಲ್ಲಿ ಮಡಿಸಿಕೊಂಡಳು. ಓಣಿಗೆ ಮರಳಿ ಮೂಲ ಕಾಗದವನ್ನು ಸುಮಲತಾಳಿಗೆ, ಇನ್ನೊಂದು ಪ್ರತಿಯನ್ನು ಓಬಳೇಶನಿಗೆ ಕೊಟ್ಟೆ. ಕೊನೆಯ ಸಾಲು ನಿನ್ನದು ಎಂದೆ. ಅವನು ಕನ್ನಡಕ ತಂದಿರಲಿಲ್ಲ. ಕೊನೆಯ ಸಾಲಿನ ಮೇಲೆ ಬೆರಳಿಟ್ಟು, ಇದನ್ನೊಂದು ಓದವ್ವ ಎಂದು ಸುಮಲತಾಳ ಮುಂದೆ ಹಿಡಿದ.

ಅವಳು ಬೀದಿಯಲ್ಲೇ ನಿಂತು ಓದಿದಳು: ‘ಚೈನ್‌ಮನ್ ಓಬಳೇಶನ ಹೆಬ್ಬೆಟ್ಟು ಸರಿಯಾದ ಜಾಗದಲ್ಲೇ ಇತ್ತು.’

“ಇನ್ನೊಂದ್ಸಲ ಓದವ್ವ,” ಎಂದ ಓಬಳೇಶ. “ಸ್ವಲ್ಪ ಗಟ್ಟಿಯಾಗಿ.”